ವಿರೋಧ ಪಕ್ಷದ ನಾಯಕನಿಲ್ಲದ ಮೊದಲ ಲೋಕಸಭೆ

1952ರ ಮೇ 15. ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆಯಲ್ಲಿ ಗೆದ್ದು ಬಂದ ಲೋಕಸಭೆ ಸೇರಿ ಎರಡೇ ದಿನಗಳಾಗಿದ್ದವು. ಅಂದು ಸದನದ ಮುಂದಿದ್ದ ಮುಖ್ಯ ಕೆಲಸ ಸ್ಪೀಕರ್ ಆಯ್ಕೆ. ಪ್ರಧಾನಿ ಜವಾಹರಲಾಲ್ ನೆಹರೂ ಅವರು ಗಣೇಶ ವಾಸುದೇವ ಮಾವಳಂಕರ್ ಅವರ ಹೆಸರನ್ನು ಸೂಚಿಸಿದರು. ಆಡಳಿತ ಪಕ್ಷದ ಬಲವನ್ನು ಬಲ್ಲವರಾರಿಗೂ ಫಲಿತಾಂಶದ ಬಗ್ಗೆ ಅನುಮಾನವಿರಲಿಲ್ಲ. ಆದರೂ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಎದ್ದುನಿಂತು, ರೈತ ಕಾರ್ಮಿಕ ಪಕ್ಷದ ಶಂಕರ ಶಾಂತಾರಾಮ ಮೋರೆ ಅವರ ಹೆಸರನ್ನು ಎದುರಿಗಿಟ್ಟರು. ಮತಕ್ಕೆ ಹಾಕಿದಾಗ ಮಾವಳಂಕರ್ ಪರವಾಗಿ 394, ವಿರುದ್ಧವಾಗಿ 55 ಮತಗಳು ಬಿದ್ದವು. ಸ್ಪರ್ಧಿಗಳು ಪರಸ್ಪರ ಮತ ನೀಡುವುದು ಸಭಾಮರ್ಯಾದೆ ಎಂಬ ಸಂಪ್ರದಾಯವನ್ನು ಗೌರವಿಸಿ ಸ್ವತಃ ಮೋರೆ ಅವರೇ ತಮ್ಮ ಎದುರಾಳಿಯ ಪರ ಮತ ಹಾಕಿದರು.

ಸೋಲು ಖಚಿತವೆಂದು ತಿಳಿದೂ ಸ್ಪರ್ಧೆಗಿಳಿದದ್ದೇಕೆ? ಸೋತವರೇ ಗೆದ್ದವರಿಗೆ ಮತ ಹಾಕಿದ್ದೇಕೆ? ಈ ಎರಡು ಪ್ರಶ್ನೆಗಳಲ್ಲಿ ಮೊದಲ ಲೋಕಸಭೆಯ ಐದು ವರ್ಷಗಳ ಕಥೆ ಅಡಗಿದೆ ಎನ್ನಬಹುದು. ನಾಲ್ಕರಲ್ಲಿ ಮೂರು ಪಾಲು ಸ್ಥಾನ ಒಂದೇ ಪಕ್ಷದ ಕೈಯಲ್ಲಿತ್ತು. ಅಧಿಕೃತ ಮನ್ನಣೆ ಪಡೆದ ವಿರೋಧ ಪಕ್ಷದ ನಾಯಕನೇ ಇರಲಿಲ್ಲ. ಅಂಥ ಸದನದಲ್ಲಿ ಸರ್ಕಾರವನ್ನು ಪ್ರಶ್ನಿಸುವವರು ಯಾರು, ಪ್ರಶ್ನಿಸುವುದಕ್ಕೆ ದಾರಿ ಯಾವುದು ಎಂಬುದು ಆ ಕಾಲದ ದೊಡ್ಡ ಸಮಸ್ಯೆಯಾಗಿತ್ತು. ಅದಕ್ಕೆ ಆ ಲೋಕಸಭೆ ಕಂಡುಕೊಂಡ ಉತ್ತರಗಳ ಮೇಲೆಯೇ ಇಂದಿನ ಸಂಸತ್ತಿನ ಎಷ್ಟೋ ಪದ್ಧತಿಗಳು ನಿಂತಿವೆ.

ಸಂಖ್ಯೆಯ ಭಾರ

1951ರ ಅಕ್ಟೋಬರ್‌ನಿಂದ 1952ರ ಫೆಬ್ರವರಿಯವರೆಗೆ ನಡೆದ ಆ ಚುನಾವಣೆ ಜಗತ್ತೇ ಕುತೂಹಲದಿಂದ ನೋಡಿದ ಪ್ರಯೋಗ. ಮತದಾರರು ಸುಮಾರು 17 ಕೋಟಿ 30 ಲಕ್ಷ. ಅಕ್ಷರ ಬಲ್ಲವರು 1951ರ ಜನಗಣತಿಯಂತೆ ನೂರಕ್ಕೆ ಹದಿನೆಂಟು ಮಂದಿ ಮಾತ್ರ. ಹೀಗಾಗಿ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಚಿಹ್ನೆ, ಒಂದೊಂದು ಮತಪೆಟ್ಟಿಗೆ. ಕ್ಷೇತ್ರಗಳು 401 ಇದ್ದರೂ ಆರಿಸಬೇಕಾಗಿದ್ದ ಸದಸ್ಯರು 489. ಏಕೆಂದರೆ 86 ಕ್ಷೇತ್ರಗಳಿಂದ ಇಬ್ಬಿಬ್ಬರು, ಉತ್ತರ ಬಂಗಾಳದ ಒಂದು ಕ್ಷೇತ್ರದಿಂದ ಮೂವರು ಆಯ್ಕೆಯಾಗಬೇಕಿತ್ತು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಪ್ರತಿನಿಧಿಗಳನ್ನು ಇಂಥ ಬಹುಸದಸ್ಯ ಕ್ಷೇತ್ರಗಳಿಂದ ಆರಿಸುವುದು ಅಂದಿನ ಪದ್ಧತಿ. ಜಮ್ಮು ಮತ್ತು ಕಾಶ್ಮೀರದ ಆರು ಮಂದಿ, ಆಂಗ್ಲೋ ಇಂಡಿಯನ್ ಸಮುದಾಯದ ಇಬ್ಬರು ಸೇರಿದಂತೆ ಹತ್ತು ಜನ ನಾಮಕರಣಗೊಂಡು ಬಂದರು. ಹೀಗೆ ಸದನದ ಒಟ್ಟು ಬಲ 499.

ಚುನಾವಣೆಯಲ್ಲಿ ಕಾಂಗ್ರೆಸ್ 364 ಸ್ಥಾನ ಗೆದ್ದಿತು. ಅದಕ್ಕೆ ಬಿದ್ದ ಮತಗಳಾದರೋ ನೂರಕ್ಕೆ 45. ಅಂದರೆ ಅರ್ಧಕ್ಕಿಂತ ಕಡಿಮೆ ಮತ, ಮುಕ್ಕಾಲು ಭಾಗ ಸ್ಥಾನ. ಎದುರಿಗಿದ್ದವರ ಪಾಡು ಇದಕ್ಕೆ ತಿರುವು ಮುರುವು. ಸಮಾಜವಾದಿ ಪಕ್ಷ ನೂರಕ್ಕೆ ಹತ್ತಕ್ಕೂ ಹೆಚ್ಚು ಮತ ಪಡೆದು ಕೇವಲ 12 ಸ್ಥಾನಕ್ಕೆ ತೃಪ್ತಿಪಡಬೇಕಾಯಿತು. ಕೆಲವೇ ಪ್ರದೇಶಗಳಲ್ಲಿ ಬೇರೂರಿದ್ದ ಕಮ್ಯುನಿಸ್ಟರು ನೂರಕ್ಕೆ ಮೂರರಷ್ಟು ಮತ ಪಡೆದು 16 ಸ್ಥಾನ ಗಳಿಸಿದರು. ಆಚಾರ್ಯ ಕೃಪಲಾನಿ ಅವರ ಕಿಸಾನ್ ಮಜ್ದೂರ್ ಪ್ರಜಾ ಪಕ್ಷಕ್ಕೆ 9, ಹಿಂದೂ ಮಹಾಸಭೆಗೆ 4, ಹೊಸದಾಗಿ ಹುಟ್ಟಿದ್ದ ಜನಸಂಘಕ್ಕೆ 3 ಸ್ಥಾನಗಳು. ಪಕ್ಷೇತರರೇ 37 ಮಂದಿ. ಹೀಗೆ ಆಡಳಿತ ಪಕ್ಷದ ಎದುರಿನ ಸಾಲುಗಳಲ್ಲಿ ಕುಳಿತವರು ನೂರಕ್ಕೂ ಹೆಚ್ಚಿದ್ದರೂ, ಅವರು ಹತ್ತಾರು ಗುಂಪುಗಳಾಗಿ ಹಂಚಿಹೋಗಿದ್ದರು.

ಸದನದಲ್ಲಿದ್ದವರು

ಸಂಖ್ಯೆಯಲ್ಲಿ ಸಣ್ಣದಾದ ವಿರೋಧ ಪಕ್ಷಗಳ ಸಾಲು ಮಾತಿನಲ್ಲಿ ಸಣ್ಣದಾಗಿರಲಿಲ್ಲ. ಕಮ್ಯುನಿಸ್ಟರ ಕಡೆ ಗೋಪಾಲನ್ ಮತ್ತು ವಾಗ್ಮಿ ಹಿರೇನ್ ಮುಖರ್ಜಿ, ಜನಸಂಘದ ಶ್ಯಾಮಪ್ರಸಾದ್ ಮುಖರ್ಜಿ, ಹಿಂದೂ ಮಹಾಸಭೆಯ ಎನ್.ಸಿ. ಚಟರ್ಜಿ ಇದ್ದರು. ವಿಜ್ಞಾನಿ ಮೇಘನಾದ ಸಹಾ ಪಕ್ಷೇತರರಾಗಿ ಕಲ್ಕತ್ತೆಯಿಂದ ಗೆದ್ದು ಬಂದಿದ್ದರು. ನಲ್ಗೊಂಡದ ರವಿನಾರಾಯಣ ರೆಡ್ಡಿ ಸ್ವತಃ ನೆಹರೂ ಅವರಿಗಿಂತ ಹೆಚ್ಚು ಮತ ಪಡೆದವರು. ಚುನಾವಣೆಯಲ್ಲಿ ಸೋತಿದ್ದ ಕೃಪಲಾನಿ 1953ರಲ್ಲಿ ಉಪಚುನಾವಣೆಯ ಮೂಲಕ ಸದನ ಸೇರಿದರು. ಅವರ ಪತ್ನಿ ಸುಚೇತಾ ಕೃಪಲಾನಿ ಅದಕ್ಕೂ ಮೊದಲೇ ಹೊಸದಿಲ್ಲಿ ಕ್ಷೇತ್ರದಿಂದ ಗೆದ್ದಿದ್ದರು. ಉತ್ತರ ಮುಂಬಯಿಯಲ್ಲಿ ಸೋತ ಬಿ.ಆರ್. ಅಂಬೇಡ್ಕರ್ ಅವರಿಗೆ ಮಾತ್ರ ಈ ಸದನದ ಬಾಗಿಲು ತೆರೆಯಲೇ ಇಲ್ಲ. 1954ರಲ್ಲಿ ಭಂಡಾರಾ ಉಪಚುನಾವಣೆಯಲ್ಲೂ ಅವರು ಸೋತರು. ಸಂವಿಧಾನದ ಶಿಲ್ಪಿ ಮೊದಲ ಲೋಕಸಭೆಯ ಹೊರಗುಳಿದು ರಾಜ್ಯಸಭೆಯಲ್ಲಿ ಕೂರಬೇಕಾಯಿತು.

ವೃತ್ತಿಯಿಂದ ನೋಡಿದರೆ ಸದಸ್ಯರಲ್ಲಿ ಮೂರರಲ್ಲೊಂದು ಪಾಲು ವಕೀಲರು. ಬೇಸಾಯಗಾರರದು ಅದರ ನಂತರದ ಸ್ಥಾನ. ಮಹಿಳೆಯರು ನೂರಕ್ಕೆ ಐದಕ್ಕಿಂತ ಕಡಿಮೆ. ಆದರೆ ಆ ಕೆಲವರಲ್ಲಿಯೇ ರಾಜಕುಮಾರಿ ಅಮೃತ್ ಕೌರ್, ವಿಜಯಲಕ್ಷ್ಮಿ ಪಂಡಿತ್, ಅಮ್ಮು ಸ್ವಾಮಿನಾಥನ್, ಆನಿ ಮಸ್ಕರೇನ್, ರೇಣು ಚಕ್ರವರ್ತಿ ಅವರಂಥವರಿದ್ದರು. 1954ರಲ್ಲಿ ಸದಸ್ಯರ ಸಂಬಳದ ಬಗ್ಗೆ ಕಾನೂನು ಬಂದಾಗ ಗೊತ್ತುಪಡಿಸಿದ್ದು ತಿಂಗಳಿಗೆ 400 ರೂಪಾಯಿ. ಅಧಿವೇಶನದ ದಿನಗಳಲ್ಲಿ ದಿನಕ್ಕೆ 21 ರೂಪಾಯಿ ಭತ್ಯೆ.

ಪೀಠದಲ್ಲಿ ಮಾವಳಂಕರ್

ಇಂಥ ಏರುಪೇರಿನ ಸದನವನ್ನು ನಡೆಸುವ ಹೊಣೆ ಹೊತ್ತವರು ‘ದಾದಾಸಾಹೇಬ್’ ಎಂದೇ ಹೆಸರಾಗಿದ್ದ ಮಾವಳಂಕರ್. 1888ರಲ್ಲಿ ಬರೋಡದಲ್ಲಿ ಹುಟ್ಟಿ ಅಹಮದಾಬಾದಿನಲ್ಲಿ ವಕೀಲರಾಗಿದ್ದ ಅವರಿಗೆ ಪೀಠ ಹೊಸದೇನಲ್ಲ. 1937ರಲ್ಲಿ ಮುಂಬಯಿ ಪ್ರಾಂತದ ವಿಧಾನಸಭೆಯ ಸ್ಪೀಕರ್ ಆದವರು ಅವರೇ. ಬೆಳಗಾವಿ, ಧಾರವಾಡ, ಬಿಜಾಪುರ, ಕಾರವಾರ ಸೀಮೆಯ ಶಾಸಕರೂ ಆ ಸಭೆಯಲ್ಲಿದ್ದರು. 1946ರ ಜನವರಿಯಲ್ಲಿ ದೆಹಲಿಯ ಕೇಂದ್ರ ಶಾಸನಸಭೆಯ ಅಧ್ಯಕ್ಷ ಸ್ಥಾನಕ್ಕೆ ಅವರು ಸ್ಪರ್ಧಿಸಿದಾಗ ಬ್ರಿಟಿಷ್ ಸರ್ಕಾರದ ಒಲವು ಎದುರಾಳಿಯ ಕಡೆಗಿತ್ತು. 66ಕ್ಕೆ 63, ಅಂದರೆ ಮೂರೇ ಮತಗಳ ಅಂತರದಲ್ಲಿ ಅವರು ಗೆದ್ದರು. ಸರ್ಕಾರದ ಇಷ್ಟಕ್ಕೆ ವಿರುದ್ಧವಾಗಿ ಪೀಠ ಏರಿದ ಮನುಷ್ಯ ಆರು ವರ್ಷಗಳ ನಂತರ ಸರ್ಕಾರದ ಭಾರೀ ಬಹುಮತದ ಬೆಂಬಲದಿಂದ ಪೀಠ ಏರಿದ್ದು ಒಂದು ವಿಶೇಷ.

ಬ್ರಿಟನ್ನಿನಲ್ಲಿ ಸ್ಪೀಕರ್ ಆದವರು ತಮ್ಮ ಪಕ್ಷವನ್ನು ಬಿಟ್ಟುಬಿಡುತ್ತಾರೆ. ಮುಂದಿನ ಚುನಾವಣೆಯಲ್ಲಿ ದೊಡ್ಡ ಪಕ್ಷಗಳು ಅವರ ವಿರುದ್ಧ ಅಭ್ಯರ್ಥಿಯನ್ನು ನಿಲ್ಲಿಸದಿರುವುದು ರೂಢಿ. ಭಾರತದಲ್ಲಿ ಅಂಥ ರೂಢಿ ಬೆಳೆದಿರಲಿಲ್ಲ. ತಾವು ಕಾಂಗ್ರೆಸಿಗರಾಗಿಯೇ ಉಳಿಯುವುದನ್ನು ಮಾವಳಂಕರ್ ಮುಚ್ಚಿಡಲಿಲ್ಲ. ಆದರೆ ಪೀಠದ ಮೇಲೆ ಕುಳಿತಾಗ ಪಕ್ಷದ ನೆರಳು ಬೀಳಬಾರದು ಎಂಬುದು ಅವರ ನಿಲುವು. ಈ ನಿಲುವು ಎಷ್ಟರಮಟ್ಟಿಗೆ ನಿಜ ಎಂಬ ಅನುಮಾನ ವಿರೋಧಿಗಳಿಗಿತ್ತು. ಸೋಲು ಖಚಿತವಿದ್ದರೂ ಮೊದಲ ದಿನದ ಆ ಸ್ಪರ್ಧೆ ನಡೆದದ್ದು ಇದೇ ಕಾರಣಕ್ಕೆ. ಪೀಠ ಯಾವ ಒಂದು ಪಕ್ಷದ ಸೊತ್ತೂ ಅಲ್ಲ ಎಂದು ದಾಖಲೆಯಲ್ಲಿ ಬರೆಸುವುದು ಅದರ ಉದ್ದೇಶ.

ಸ್ಪೀಕರ್ ಮತ್ತು ಸರ್ಕಾರದ ನಡುವೆ ತಿಕ್ಕಾಟಗಳೂ ನಡೆದವು. ಸಂಸತ್ತು ಸೇರದಿರುವಾಗ ಸುಗ್ರೀವಾಜ್ಞೆಗಳ ಮೂಲಕ ಕಾನೂನು ತರುವ ಅಭ್ಯಾಸವನ್ನು ಮಾವಳಂಕರ್ ಒಪ್ಪುತ್ತಿರಲಿಲ್ಲ. ತೀರಾ ತುರ್ತು ಇದ್ದರೆ ಮಾತ್ರ ಅದಕ್ಕೆ ಕೈಹಾಕಬೇಕು, ಅನುಕೂಲಕ್ಕಾಗಿ ಸುಗ್ರೀವಾಜ್ಞೆ ಹೊರಡಿಸುವುದು ಪ್ರಜಾಪ್ರಭುತ್ವಕ್ಕೆ ತಕ್ಕುದಲ್ಲ ಎಂದು ಅವರು ಪ್ರಧಾನಿಗೆ ಪತ್ರ ಬರೆದರು. ಪ್ರಧಾನಿ ಸರ್ಕಾರದ ತೊಂದರೆಗಳನ್ನು ವಿವರಿಸಿ ಉತ್ತರಿಸಿದರು. ಇಬ್ಬರೂ ಒಂದೇ ಪಕ್ಷದವರು, ಹಳೆಯ ಸ್ವಾತಂತ್ರ್ಯ ಹೋರಾಟಗಾರರು. ಆದರೂ ಪತ್ರಗಳಲ್ಲಿ ಮುಲಾಜು ಇರಲಿಲ್ಲ.

ಇನ್ನೊಂದು ಕಡೆ ವಿರೋಧಿಗಳಿಗೂ ಸ್ಪೀಕರ್ ಮೇಲೆ ಅಸಮಾಧಾನವಿತ್ತು. ತಮ್ಮ ನಿಲುವಳಿ ಸೂಚನೆಗಳನ್ನು, ಪ್ರಶ್ನೆಗಳನ್ನು ತಳ್ಳಿಹಾಕುತ್ತಾರೆ ಎಂಬುದು ಅವರ ದೂರು. 1954ರ ಡಿಸೆಂಬರ್ 18ರಂದು ಸ್ಪೀಕರ್ ಪದಚ್ಯುತಿಯ ನಿರ್ಣಯವೇ ಲೋಕಸಭೆಯ ಮುಂದೆ ಬಂತು. ತಮ್ಮ ಮೇಲಿನ ನಿರ್ಣಯ ಚರ್ಚೆಯಾಗುವಾಗ ಸ್ಪೀಕರ್ ಪೀಠದಲ್ಲಿ ಕೂರುವಂತಿಲ್ಲ. ಹಾಗಾಗಿ ಡೆಪ್ಯುಟಿ ಸ್ಪೀಕರ್ ಅನಂತಶಯನಂ ಅಯ್ಯಂಗಾರ್ ಸಭೆ ನಡೆಸಿದರು. ಇದನ್ನು ಪಕ್ಷದ ಪ್ರಶ್ನೆಯಾಗಿ ನೋಡಬೇಡಿ, ನಿಮ್ಮ ಮನಸ್ಸಿಗೆ ಬಂದಂತೆ ಮತ ಹಾಕಿ ಎಂದು ನೆಹರೂ ತಮ್ಮ ಪಕ್ಷದವರಿಗೆ ಹೇಳಿದರು. ಜೊತೆಗೆ, ಇಂಥ ನಿರ್ಣಯ ತಂದು ಸದನದ ಮಾನವನ್ನೇ ಪಣಕ್ಕೊಡ್ಡಲಾಗಿದೆ ಎಂದು ವಿರೋಧಿಗಳನ್ನು ಕಟುವಾಗಿ ಟೀಕಿಸಿದರು. ನಿರ್ಣಯ ಬಿದ್ದುಹೋಯಿತು. ಆದರೆ ಸ್ಪೀಕರ್ ಕೂಡ ಪ್ರಶ್ನಾತೀತರಲ್ಲ ಎಂಬುದು ಅಂದು ಸ್ಥಾಪನೆಯಾಯಿತು.

ಹತ್ತರಲ್ಲೊಂದು ಎಂಬ ಗೆರೆ

ವಿರೋಧ ಪಕ್ಷದ ನಾಯಕನ ಸ್ಥಾನ ಖಾಲಿ ಉಳಿದದ್ದಕ್ಕೆ ಕಾರಣ ಸ್ಪೀಕರ್ ಎಳೆದ ಒಂದು ಗೆರೆ. ಸದನದ ಒಟ್ಟು ಬಲದ ಹತ್ತರಲ್ಲಿ ಒಂದು ಪಾಲಾದರೂ ಸದಸ್ಯರಿರುವ ಪಕ್ಷಕ್ಕೆ ಮಾತ್ರ ಸಂಸದೀಯ ಪಕ್ಷವೆಂಬ ಮನ್ನಣೆ ಎಂದು ಮಾವಳಂಕರ್ ಗೊತ್ತುಪಡಿಸಿದರು. ಹತ್ತರಲ್ಲೊಂದು ಎಂಬ ಈ ಲೆಕ್ಕ ಎಲ್ಲಿಂದ ಬಂತು? ಸಂವಿಧಾನದ ಪ್ರಕಾರ ಸಭೆ ನಡೆಯಲು ಬೇಕಾದ ಕೋರಂ ಅಷ್ಟೇ. ತನ್ನ ಸದಸ್ಯರ ಬಲದಿಂದಲೇ ಸದನವನ್ನು ನಡೆಸಬಲ್ಲ ಪಕ್ಷ ಮಾತ್ರ ನಾಳೆ ಸರ್ಕಾರ ರಚಿಸುವ ಮಾತಾಡಬಹುದು ಎಂಬುದು ಇದರ ಹಿಂದಿನ ತರ್ಕ. 499 ಜನರ ಸದನದಲ್ಲಿ ಅದಕ್ಕೆ 50 ಮಂದಿ ಬೇಕು. ಎಲ್ಲರಿಗಿಂತ ದೊಡ್ಡ ವಿರೋಧಿ ಗುಂಪಾದ ಕಮ್ಯುನಿಸ್ಟರೇ ಇದ್ದದ್ದು ಹದಿನಾರು.

ಚದುರಿದವರನ್ನು ಒಂದುಗೂಡಿಸುವ ಪ್ರಯತ್ನಗಳೂ ನಡೆದವು. ಶ್ಯಾಮಪ್ರಸಾದ್ ಮುಖರ್ಜಿ ಅವರು ಹಲವು ಸಣ್ಣ ಪಕ್ಷಗಳ ಮತ್ತು ಪಕ್ಷೇತರರ ಮೂವತ್ತರಷ್ಟು ಲೋಕಸಭಾ ಸದಸ್ಯರನ್ನು ಸೇರಿಸಿ ‘ರಾಷ್ಟ್ರೀಯ ಪ್ರಜಾಸತ್ತಾತ್ಮಕ ಪಕ್ಷ’ ಎಂಬ ಕೂಟ ಕಟ್ಟಿದರು. ಸ್ಪೀಕರ್ ಅದನ್ನು ಅಧಿಕೃತ ವಿರೋಧ ಪಕ್ಷವೆಂದು ಮನ್ನಿಸಲಿಲ್ಲ. 1953ರ ಜೂನ್‌ನಲ್ಲಿ ಕಾಶ್ಮೀರದಲ್ಲಿ ಬಂಧನದಲ್ಲಿದ್ದಾಗಲೇ ಮುಖರ್ಜಿ ತೀರಿಕೊಂಡರು. ಅವರನ್ನು ಬಲವಾಗಿ ನೆಚ್ಚಿಕೊಂಡಿದ್ದ ಆ ಕೂಟ ಮುಂದೆ ಉಳಿಯಲಿಲ್ಲ. ಅತ್ತ ಸಮಾಜವಾದಿಗಳು ಮತ್ತು ಕೃಪಲಾನಿ ಪಕ್ಷ 1952ರಲ್ಲೇ ಒಂದಾಗಿ ಪ್ರಜಾ ಸಮಾಜವಾದಿ ಪಕ್ಷವಾದರೂ ಆ ಎರಡರ ಬಲ ಸೇರಿ ಇಪ್ಪತ್ತೊಂದರ ಆಸುಪಾಸು. ಈ ಗೆರೆಯನ್ನು ದಾಟಿದ ವಿರೋಧ ಪಕ್ಷದ ನಾಯಕರೊಬ್ಬರು ಲೋಕಸಭೆಗೆ ಸಿಕ್ಕಿದ್ದು 1969ರಲ್ಲಿ, ಕಾಂಗ್ರೆಸ್ ಇಬ್ಭಾಗವಾದಾಗ. ಸಂಸ್ಥಾ ಕಾಂಗ್ರೆಸ್ಸಿನ ರಾಮ್ ಸುಭಗ್ ಸಿಂಗ್ ಆ ಸ್ಥಾನಕ್ಕೆ ಬಂದ ಮೊದಲಿಗರು. ಅದಕ್ಕೆ ಸಂಬಳ, ಸವಲತ್ತುಗಳ ಕಾನೂನು ಬಂದದ್ದು 1977ರಲ್ಲಿ.

ಪ್ರಶ್ನಿಸುವ ದಾರಿಗಳು

ನಾಯಕನ ಸ್ಥಾನ ಇಲ್ಲದಿದ್ದರೂ ಪ್ರಶ್ನೆ ಕೇಳುವ ಹಕ್ಕು ಪ್ರತಿ ಸದಸ್ಯನಿಗೂ ಇತ್ತು. ಮೊದಲ ಲೋಕಸಭೆಯ ಹೆಚ್ಚುಗಾರಿಕೆ ಎಂದರೆ, ಆ ಹಕ್ಕನ್ನು ಚಲಾಯಿಸಲು ಬೇಕಾದ ದಾರಿಗಳನ್ನು ಒಂದೊಂದಾಗಿ ತೆರೆದದ್ದು. ದಿನದ ಮೊದಲ ಗಂಟೆ ಪ್ರಶ್ನೋತ್ತರಕ್ಕೆ ಮೀಸಲು. 1953ರಲ್ಲಿ ಅಲ್ಪಾವಧಿ ಚರ್ಚೆಯ ಪದ್ಧತಿ ಬಂತು. ಮರುವರ್ಷ ತುರ್ತು ವಿಷಯವೊಂದರತ್ತ ಮಂತ್ರಿಯ ಗಮನ ಸೆಳೆದು ಹೇಳಿಕೆ ಪಡೆಯುವ ‘ಗಮನ ಸೆಳೆಯುವ ಸೂಚನೆ’ ಜಾರಿಗೆ ಬಂತು. ಇದು ಬ್ರಿಟನ್ನಿನ ನಕಲಲ್ಲ, ಭಾರತದ್ದೇ ಕಲ್ಪನೆ.

ಸಮಿತಿಗಳದ್ದು ಇನ್ನೊಂದು ದಾರಿ. ಮಂತ್ರಿಗಳು ಸದನದಲ್ಲಿ ‘ಪರಿಶೀಲಿಸುತ್ತೇವೆ’, ‘ಕ್ರಮ ಕೈಗೊಳ್ಳುತ್ತೇವೆ’ ಎಂದು ಹೇಳಿ ಕುಳಿತುಬಿಟ್ಟರೆ ಮುಂದೆ ಅದರ ಗತಿ ಏನು? ಅಂಥ ಮಾತುಗಳ ಪಟ್ಟಿ ಮಾಡಿ, ಯಾವುದು ನೆರವೇರಿತು, ಯಾವುದು ಇಲ್ಲ ಎಂದು ನೋಡಲೆಂದೇ 1953ರ ಡಿಸೆಂಬರ್‌ನಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಹುಟ್ಟಿತು. ಸಂಸತ್ತು ಮಾಡಿದ ಕಾನೂನಿನ ಅಡಿಯಲ್ಲಿ ಅಧಿಕಾರಿಗಳು ರಚಿಸುವ ನಿಯಮಗಳು ಎಲ್ಲೆ ಮೀರಿವೆಯೇ ಎಂದು ನೋಡಲು ಅಧೀನ ಶಾಸನ ಸಮಿತಿಯೂ ಅದೇ ಸಮಯದಲ್ಲಿ ಬಂತು. ಸದನದಲ್ಲಿ ಬಹುಮತದ ಮುಂದೆ ಸೋಲುವ ಮಾತು ಸಮಿತಿಯ ಕೊಠಡಿಯಲ್ಲಿ ಕಾಗದಪತ್ರಗಳ ಬಲದಿಂದ ಗೆಲ್ಲಬಹುದಿತ್ತು.

ಮೂರನೆಯ ದಾರಿ ಆಡಳಿತ ಪಕ್ಷದ ಒಳಗೇ ಇತ್ತು. ಪಕ್ಷಾಂತರ ನಿಷೇಧ ಕಾನೂನು ಬಂದದ್ದು 1985ರಲ್ಲಿ. ಅದಕ್ಕೂ ಮುಂಚಿನ ಆ ದಿನಗಳಲ್ಲಿ ಪಕ್ಷದ ಮಾತಿಗೆ ವಿರುದ್ಧವಾಗಿ ನಿಂತ ಸದಸ್ಯ ಆ ಕಾರಣಕ್ಕಾಗಿ ಕಾನೂನಿನ ಪ್ರಕಾರ ಸ್ಥಾನ ಕಳೆದುಕೊಳ್ಳುವ ಭಯವಿರಲಿಲ್ಲ. 1955 ಮತ್ತು 1956ರಲ್ಲಿ ಹಿಂದೂ ವಿವಾಹ, ಉತ್ತರಾಧಿಕಾರ, ದತ್ತಕ ಕುರಿತ ಮಸೂದೆಗಳು ಬಂದಾಗ ಪುರುಷೋತ್ತಮದಾಸ್ ಟಂಡನ್ ಅವರಂಥ ಹಿರಿಯ ಕಾಂಗ್ರೆಸಿಗರೇ ಅವುಗಳ ಬಗ್ಗೆ ವಿರೋಧವನ್ನು ಮುಚ್ಚಿಡಲಿಲ್ಲ. ಮುಂಬಯಿ ನಗರದ ಭವಿಷ್ಯದ ಪ್ರಶ್ನೆಯಲ್ಲಿ ಪ್ರಧಾನಿಯ ನಿರ್ಧಾರವನ್ನು ಒಪ್ಪದ ಹಣಕಾಸು ಮಂತ್ರಿ ಸಿ.ಡಿ. ದೇಶಮುಖ್ 1956ರಲ್ಲಿ ಸಂಪುಟವನ್ನೇ ಬಿಟ್ಟು ಹೊರನಡೆದರು.

ಇವೆಲ್ಲಕ್ಕಿಂತ ದೊಡ್ಡ ಪರಿಣಾಮ ಬೀರಿದ್ದು ಹಿಂದಿನ ಬೆಂಚಿನ ಕಾಂಗ್ರೆಸ್ ಸದಸ್ಯರೊಬ್ಬರ ಭಾಷಣ. ಅವರು ಪ್ರಧಾನಿಯ ಅಳಿಯ ಫಿರೋಜ್ ಗಾಂಧಿ. ಮೂರು ವರ್ಷಗಳಷ್ಟು ಕಾಲ ಹೆಚ್ಚು ಮಾತಾಡದೆ ಕುಳಿತಿದ್ದ ಅವರು 1955ರ ಡಿಸೆಂಬರ್ 6ರಂದು ಎದ್ದುನಿಂತರು. ದೊಡ್ಡ ಉದ್ಯಮ ಮನೆತನವೊಂದರ ಹಿಡಿತದಲ್ಲಿದ್ದ ಜೀವವಿಮಾ ಕಂಪೆನಿಯಲ್ಲಿ ಪಾಲಿಸಿದಾರರ ಹಣ ಹೇಗೆ ಬೇರೆ ಕಡೆ ಹರಿಯಿತು ಎಂಬುದನ್ನು ಅಂಕಿಅಂಶಗಳೊಂದಿಗೆ ಬಿಡಿಸಿಟ್ಟರು. ಎರಡು ತಿಂಗಳೊಳಗೆ, 1956ರ ಜನವರಿ 19ರಂದು, ಸರ್ಕಾರ ಜೀವವಿಮೆಯ ಆಡಳಿತವನ್ನು ಕೈಗೆತ್ತಿಕೊಂಡಿತು. ಅದೇ ವರ್ಷದ ಸೆಪ್ಟೆಂಬರ್ 1ರಂದು 245 ಸಂಸ್ಥೆಗಳ ವ್ಯವಹಾರವನ್ನು ಒಟ್ಟುಗೂಡಿಸಿ ಭಾರತೀಯ ಜೀವವಿಮಾ ನಿಗಮ ಅಸ್ತಿತ್ವಕ್ಕೆ ಬಂತು. ಮನೆಮನೆಗೂ ಪರಿಚಿತವಾದ ಎಲ್ಐಸಿಯ ಹುಟ್ಟಿನ ಹಿಂದೆ ಈ ಭಾಷಣದ ಪಾಲೂ ಇದೆ. ಆದರೆ ಜನವರಿಯ ಆ ಮೊದಲ ಕ್ರಮವನ್ನು ಸರ್ಕಾರ ಕೈಗೊಂಡದ್ದು, ಮಾವಳಂಕರ್ ಒಲ್ಲದ ಸುಗ್ರೀವಾಜ್ಞೆಯ ಮೂಲಕ!

ಖಾಸಗಿ ಸದಸ್ಯರ ಮಸೂದೆಗಳಿಗೂ ಆಗ ಬೆಲೆ ಇತ್ತು. ಮಂತ್ರಿಯಲ್ಲದ ಸದಸ್ಯರು ತಂದ ಮಸೂದೆಗಳು ಕಾನೂನಾದದ್ದು ಸಂಸತ್ತಿನ ಇಡೀ ಚರಿತ್ರೆಯಲ್ಲಿ ಕೇವಲ ಹದಿನಾಲ್ಕು ಬಾರಿ. ಅದರಲ್ಲಿ ಆರು 1956ರ ಒಂದೇ ವರ್ಷದಲ್ಲಿ ಆದವು. ಸಂಸತ್ತಿನ ಕಲಾಪವನ್ನು ನಿಷ್ಠೆಯಿಂದ ವರದಿ ಮಾಡುವ ಪತ್ರಿಕೆಗಳಿಗೆ ಕಾನೂನಿನ ರಕ್ಷಣೆ ನೀಡುವ ಫಿರೋಜ್ ಗಾಂಧಿ ಅವರ ಮಸೂದೆ ಅವುಗಳಲ್ಲೊಂದು. ತುರ್ತುಪರಿಸ್ಥಿತಿಯ ಕಾಲದಲ್ಲಿ, ಅವರ ಪತ್ನಿಯೇ ಪ್ರಧಾನಿಯಾಗಿದ್ದಾಗ ಆ ಕಾನೂನು ರದ್ದಾಯಿತು. 1977ರಲ್ಲಿ ಹೊಸ ಸರ್ಕಾರ ಅದನ್ನು ಮತ್ತೆ ತಂದಿತು.

ಐದು ರಾಜ್ಯಗಳಿಂದ ಬಂದ ಕನ್ನಡಿಗರು

1952ರಲ್ಲಿ ಕನ್ನಡ ನಾಡಿನ ಪ್ರತಿನಿಧಿಗಳು ದೆಹಲಿಗೆ ಹೋದದ್ದು ಒಂದು ರಾಜ್ಯದಿಂದಲ್ಲ, ಐದು ರಾಜ್ಯಗಳಿಂದ. ಹಳೆಯ ಮೈಸೂರಿನ 11 ಸ್ಥಾನಗಳಲ್ಲಿ ಹತ್ತು ಕಾಂಗ್ರೆಸ್ಸಿಗೆ ಹೋದವು. ಚಿತ್ರದುರ್ಗದಿಂದ ಎಸ್. ನಿಜಲಿಂಗಪ್ಪ, ಕೋಲಾರದಿಂದ ಎಂ.ವಿ. ಕೃಷ್ಣಪ್ಪ ಆಯ್ಕೆಯಾದರು. ಮೈಸೂರು ಕ್ಷೇತ್ರದಲ್ಲಿ ಮಾತ್ರ ಕೃಪಲಾನಿ ಪಕ್ಷದ ಎಂ.ಎಸ್. ಗುರುಪಾದಸ್ವಾಮಿ ಗೆದ್ದು, ಹಳೆಯ ಮೈಸೂರಿನಿಂದ ವಿರೋಧ ಪಕ್ಷದ ಏಕೈಕ ದನಿಯಾದರು. ಮುಂದೆ 1971ರಲ್ಲಿ ಅವರೇ ರಾಜ್ಯಸಭೆಯ ವಿರೋಧ ಪಕ್ಷದ ನಾಯಕರಾದರು.

ಮುಂಬಯಿ ರಾಜ್ಯದ ಭಾಗವಾಗಿದ್ದ ಉತ್ತರ ಧಾರವಾಡದಿಂದ ಡಿ.ಪಿ. ಕರಮರಕರ್, ಉತ್ತರ ಬೆಳಗಾವಿಯಿಂದ ಬಿ.ಎನ್. ದಾತಾರ್, ಉತ್ತರ ಕನ್ನಡದಿಂದ ಜೋಕಿಂ ಆಳ್ವ ಬಂದರು. ಮದ್ರಾಸಿಗೆ ಸೇರಿದ್ದ ದಕ್ಷಿಣ ಕನ್ನಡದ ಎರಡು ಕ್ಷೇತ್ರಗಳಿಂದ ಯು. ಶ್ರೀನಿವಾಸ ಮಲ್ಯ ಮತ್ತು ಪತ್ರಕರ್ತ ಬಿ. ಶಿವರಾವ್, ಬಳ್ಳಾರಿಯಿಂದ ಟೇಕೂರು ಸುಬ್ರಹ್ಮಣ್ಯಂ ಆಯ್ಕೆಯಾದರು. ಹೈದರಾಬಾದ್ ರಾಜ್ಯದ ಗುಲ್ಬರ್ಗದಿಂದ ನಿಜಾಮನ ವಿರುದ್ಧದ ಹೋರಾಟದ ಮುಂದಾಳು ಸ್ವಾಮಿ ರಮಾನಂದ ತೀರ್ಥರು, ಕುಷ್ಟಗಿಯಿಂದ ಪಕ್ಷೇತರರಾಗಿ ಶಿವಮೂರ್ತಿಸ್ವಾಮಿ ಗೆದ್ದರು. ಆಗ ಪ್ರತ್ಯೇಕ ರಾಜ್ಯವಾಗಿದ್ದ ಕೊಡಗಿಗೆ ಒಂದೇ ಸ್ಥಾನ. ಅದು ಎನ್. ಸೋಮಣ್ಣ ಅವರದು.

ಈ ಎಲ್ಲರ ರಾಜಕೀಯ ವಿಳಾಸ ಅವಧಿಯ ನಡುವೆಯೇ ಬದಲಾಯಿತು. ಪೊಟ್ಟಿ ಶ್ರೀರಾಮುಲು ಅವರ ಆತ್ಮಬಲಿದಾನದ ನಂತರ 1952ರ ಡಿಸೆಂಬರ್ 19ರಂದು ಆಂಧ್ರ ರಾಜ್ಯ ರಚನೆಯ ನಿರ್ಧಾರವನ್ನು ನೆಹರೂ ಪ್ರಕಟಿಸಿದ್ದು ಇದೇ ಲೋಕಸಭೆಯಲ್ಲಿ. 1953ರ ಅಕ್ಟೋಬರ್ 1ರಂದು ಆಂಧ್ರ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಬಹುಭಾಗ ಮೈಸೂರಿಗೆ ಬಂತು. ಫಜಲ್ ಅಲಿ ಆಯೋಗದ ವರದಿಯನ್ನು 1955ರ ಡಿಸೆಂಬರ್‌ನಲ್ಲಿ ಸದನ ಚರ್ಚಿಸಿತು. ಮರುವರ್ಷ ರಾಜ್ಯ ಪುನರ್ವಿಂಗಡಣೆಯ ಕಾನೂನು ಬಂತು. 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯವಾದಾಗ, ಐದು ರಾಜ್ಯಗಳ ಹೆಸರಿನಲ್ಲಿ ಪ್ರಮಾಣ ವಚನ ಸ್ವೀಕರಿಸಿದ್ದವರು ಮರುಚುನಾವಣೆ ಇಲ್ಲದೆಯೇ ಒಂದು ರಾಜ್ಯದ ಸದಸ್ಯರಾದರು. ಅವರಲ್ಲೊಬ್ಬರಾದ ನಿಜಲಿಂಗಪ್ಪ ಅದೇ ದಿನ ಆ ರಾಜ್ಯದ ಮುಖ್ಯಮಂತ್ರಿಯಾದರು. ಕನ್ನಡಿಗರ ಏಕೀಕರಣದ ಕನಸಿಗೆ ಕಾನೂನಿನ ಮುದ್ರೆ ಬಿದ್ದದ್ದು ಮೊದಲ ಲೋಕಸಭೆಯ ಅವಧಿಯಲ್ಲಿ ಎಂಬುದನ್ನು ಮರೆಯಬಾರದು.

ಪೀಠದಲ್ಲಿ ಬದಲಾವಣೆ

ಮಾವಳಂಕರ್ ಅವಧಿ ಮುಗಿಯುವವರೆಗೆ ಬದುಕಲಿಲ್ಲ. 1956ರ ಫೆಬ್ರವರಿ 27ರಂದು ಅವರು ಅಹಮದಾಬಾದಿನಲ್ಲಿ ಹೃದಯಾಘಾತದಿಂದ ನಿಧನರಾದರು. ಮಾರ್ಚ್ 8ರಂದು ಅನಂತಶಯನಂ ಅಯ್ಯಂಗಾರ್ ಸ್ಪೀಕರ್ ಆಗಿ ಆಯ್ಕೆಯಾದರು. ಅವರಿಂದ ತೆರವಾದ ಡೆಪ್ಯುಟಿ ಸ್ಪೀಕರ್ ಸ್ಥಾನವನ್ನು ಆಡಳಿತ ಪಕ್ಷ ತನ್ನವರಿಗೇ ಕೊಡಬಹುದಿತ್ತು. ಅದಕ್ಕೆ ಬೇಕಾದ ಮತಗಳು ಅದರ ಬಳಿ ಧಾರಾಳವಾಗಿದ್ದವು. ಆದರೆ ಮಾರ್ಚ್ 20ರಂದು ಆ ಸ್ಥಾನಕ್ಕೆ ಬಂದವರು ವಿರೋಧಿ ಸಾಲಿನಲ್ಲಿ ಕೂರುತ್ತಿದ್ದ ಅಕಾಲಿ ನಾಯಕ ಸರ್ದಾರ್ ಹುಕಂ ಸಿಂಗ್.

ಡೆಪ್ಯುಟಿ ಸ್ಪೀಕರ್ ಹುದ್ದೆ ಮೇಲ್ನೋಟಕ್ಕೆ ಚಿಕ್ಕದು. ಆದರೆ ಸ್ಪೀಕರ್ ಇಲ್ಲದಾಗ, ಇಲ್ಲವೇ ಸ್ಪೀಕರ್ ಮೇಲೆಯೇ ಆರೋಪ ಬಂದಾಗ ಸದನವನ್ನು ನಡೆಸುವವರು ಅವರೇ. 1954ರ ಪದಚ್ಯುತಿ ನಿರ್ಣಯ, 1956ರ ಸ್ಪೀಕರ್ ನಿಧನ ಎರಡೂ ಸಂದರ್ಭಗಳಲ್ಲಿ ಇದರ ಅಗತ್ಯ ಕಂಡಿತು. 1952ರಲ್ಲಿ ಸ್ಪೀಕರ್ ಆಯ್ಕೆಯಾದ ಹದಿನೈದನೆಯ ದಿನ, ಅಂದರೆ ಮೇ 30ರಂದು, ಡೆಪ್ಯುಟಿ ಸ್ಪೀಕರ್ ಆಯ್ಕೆಯೂ ಮುಗಿದಿತ್ತು. ‘ಸಾಧ್ಯವಾದಷ್ಟು ಬೇಗ’ ಇಬ್ಬರನ್ನೂ ಆರಿಸಬೇಕೆಂದು ಸಂವಿಧಾನದ 93ನೆಯ ವಿಧಿ ಹೇಳುತ್ತದೆ. 2019ರಿಂದ 2024ರವರೆಗಿನ 17ನೆಯ ಲೋಕಸಭೆ ಮಾತ್ರ ಐದು ವರ್ಷ ಪೂರ್ತಿ ಡೆಪ್ಯುಟಿ ಸ್ಪೀಕರ್ ಇಲ್ಲದೆಯೇ ಮುಗಿಯಿತು.

ಉಳಿದ ಲೆಕ್ಕ

1957ರ ಏಪ್ರಿಲ್ 4ರಂದು ಮೊದಲ ಲೋಕಸಭೆ ವಿಸರ್ಜನೆಯಾಯಿತು. ಅಷ್ಟರಲ್ಲಿ ಅದು 677 ದಿನ ಸೇರಿತ್ತು. 17ನೆಯ ಲೋಕಸಭೆ ತನ್ನ ಐದು ವರ್ಷಗಳಲ್ಲಿ ಸೇರಿದ್ದು 274 ದಿನ. ನಡುವೆ ಬಂದ ಸಾಂಕ್ರಾಮಿಕದ ಲೆಕ್ಕವನ್ನು ಬಿಟ್ಟರೂ ಈ ಅಂತರ ದೊಡ್ಡದೇ. ಹಿಂದೂ ವಿವಾಹ ಕಾನೂನು, ಅಸ್ಪೃಶ್ಯತಾ ಅಪರಾಧಗಳ ಕಾನೂನು, ಪೌರತ್ವ ಕಾನೂನು, ಸ್ಟೇಟ್ ಬ್ಯಾಂಕ್ ಮತ್ತು ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಕಾನೂನುಗಳು ಆ 677 ದಿನಗಳ ಫಲ. ‘ಲೋಕಸಭೆ’ ಎಂಬ ಹೆಸರೂ ಸದನಕ್ಕೆ ಬಂದದ್ದು ನಡುವೆ, 1954ರ ಮೇ 14ರಂದು ಸ್ಪೀಕರ್ ಅದನ್ನು ಪ್ರಕಟಿಸಿದ ಮೇಲೆ.

ಎಲ್ಲವೂ ಚಿನ್ನದಂತಿತ್ತು ಎಂದು ಹೇಳಲಾಗದು. ಹತ್ತರಲ್ಲೊಂದು ಎಂಬ ಗೆರೆ ಅಂದೂ ಸಣ್ಣ ಪಕ್ಷಗಳನ್ನು ಹೊರಗಿಟ್ಟಿತು. ಆ ಗೆರೆಯ ಬಿಸಿ ಮುಂದೆ, ಅಂದು ಸದನವನ್ನು ಆಳಿದ ಕಾಂಗ್ರೆಸ್ಸಿಗೇ ತಟ್ಟಿತು. 2014ರಲ್ಲಿ 44, 2019ರಲ್ಲಿ 52 ಸ್ಥಾನಗಳಿಗೆ ಇಳಿದ ಆ ಪಕ್ಷಕ್ಕೆ 543 ಜನರ ಸದನದಲ್ಲಿ ಬೇಕಾಗಿದ್ದ 55ರ ಸಂಖ್ಯೆ ಸಿಗಲಿಲ್ಲ. ಸ್ವಾಮಿ ರಮಾನಂದ ತೀರ್ಥರು ಒಮ್ಮೆ ಪ್ರತಿನಿಧಿಸಿದ್ದ ಗುಲ್ಬರ್ಗದಿಂದಲೇ ಬಂದ ಮಲ್ಲಿಕಾರ್ಜುನ ಖರ್ಗೆ, 2014ರಿಂದ ಐದು ವರ್ಷ ಲೋಕಸಭೆಯಲ್ಲಿ ಕಾಂಗ್ರೆಸ್ ನಾಯಕರಾಗಿದ್ದರೂ ವಿರೋಧ ಪಕ್ಷದ ನಾಯಕರೆಂಬ ಮನ್ನಣೆ ಪಡೆಯಲಿಲ್ಲ. 99 ಸ್ಥಾನಗಳೊಂದಿಗೆ ಕಾಂಗ್ರೆಸ್ ಮರಳಿ ಆ ಗೆರೆ ದಾಟಿದ್ದು 2024ರಲ್ಲಿ.

ಸ್ಪೀಕರ್ ಸ್ಥಾನಕ್ಕೆ ಸ್ಪರ್ಧೆ ನಡೆದದ್ದೂ ಅಪರೂಪವೇ. 1952ರ ನಂತರ 1967ರಲ್ಲಿ ಸ್ಪರ್ಧೆ ನಡೆಯಿತು. 1976ರಲ್ಲಿ, ತುರ್ತುಪರಿಸ್ಥಿತಿಯ ನಡುವೆ, ಬಲಿರಾಮ್ ಭಗತ್ ಅವರ ಎದುರು ನಿಂತವರು ನರಗುಂದ ಮೂಲದ ಜಗನ್ನಾಥರಾವ್ ಜೋಶಿ. ಆ ಬಳಿಕ 2024ರಲ್ಲಿ ಇನ್ನೊಮ್ಮೆ. ನಾಲ್ಕು ಬಾರಿಯೂ ಎದುರು ನಿಂತವರು ಗೆಲ್ಲಲಿಲ್ಲ.

ಗೋಪಾಲನ್ ಮತ್ತು ಮೋರೆ ಅವರಿಗೆ ಆ ಸತ್ಯ ಮೊದಲ ದಿನವೇ ಗೊತ್ತಿತ್ತು. 55 ಜನ 394 ಜನರ ಎದುರು ನಿಂತು ತಮ್ಮ ಮಾತನ್ನು ದಾಖಲಿಸಿದರು. ಸೋತ ಅಭ್ಯರ್ಥಿ ಗೆದ್ದವರಿಗೆ ಮತ ಕೊಟ್ಟರು. ಗೆದ್ದವರು ಸೋತವರಿಗೆ ಪ್ರಶ್ನೆ ಕೇಳುವ ಗಂಟೆ, ಸಮಿತಿಯ ಕುರ್ಚಿ, ಕೊನೆಗೆ ಡೆಪ್ಯುಟಿ ಸ್ಪೀಕರ್ ಪೀಠವನ್ನೂ ಬಿಟ್ಟುಕೊಟ್ಟರು. ಹೀಗೆ ಬಿಟ್ಟುಕೊಡಲೇಬೇಕೆಂದು ಅವರನ್ನು ಒತ್ತಾಯಿಸುವ ಕಾನೂನು ಯಾವುದೂ ಇರಲಿಲ್ಲ. ಬಹುಮತ ಇದ್ದವರೇ ತಮಗೆ ತಾವು ಹಾಕಿಕೊಂಡ ಕಟ್ಟುಪಾಡು ಅದು. ಅದನ್ನು ಪಾಲಿಸುವುದೂ ಮುರಿಯುವುದೂ ಆಯಾ ಕಾಲದ ಬಹುಮತಕ್ಕೆ ಬಿಟ್ಟದ್ದು.